ಎರಡು ಬಗ್ ಟ್ರ್ಯಾಕರ್, ಒಂದು ಆರತಕ್ಷತೆ

ಆಷಾಢದಲ್ಲಿ ಕಲ್ಯಾಣ ಮಂಟಪಗಳಿಗೆ ಬಣ್ಣ ಬಳಿಸುತ್ತಾರೆ. ಮದುವೆಗಳಿಲ್ಲದ ತಿಂಗಳು, ರಿಪೇರಿ ಕೆಲಸಕ್ಕೆಲ್ಲ ಅದೇ ಸಮಯ. ಹೋದ ವಾರ, ಹಿಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಲಕ್ಷ್ಮಿಗೆ ಒಂದು ಸಂಜೆಯ ಮಟ್ಟಿಗೆ ಹಾಲ್ ಬೇಕಿತ್ತು. "ಅಕ್ಕ, ಮುನಿಯಪ್ಪನವರ ಮಂಟಪಕ್ಕೇ ಹೋಗ್ಬೇಕು. ನೀವೂ ಬನ್ನಿ, ನಾನೊಬ್ಳೇ ಹೋಗಲ್ಲ" ಎಂದು ಹಟ ಹಿಡಿದಳು. ಜಯನಗರದಿಂದ ಸ್ಕೂಟರಿನಲ್ಲಿ ಪುಟ್ಟೇನಹಳ್ಳಿಗೆ ಹೋದೆ. ಕೆರೆಯ ಕಡೆಯಿಂದ ಬೀಸುವ ಗಾಳಿಗೆ ರೇನ್‌ಕೋಟು ಪಟಪಟ ಎನ್ನುತ್ತಿತ್ತು, ಮಳೆ ಮಾತ್ರ ಬರಲೋ ಬೇಡವೋ ಎನ್ನುವ ಹಾಗೆ ಉದುರುತ್ತಿತ್ತು. ಮಂಟಪದ ಬಾಗಿಲು ದಾಟಿದ್ದೇ ತಡ, ಹಸಿ ಪೇಂಟು, ಫಿನಾಯಿಲು, ಒದ್ದೆ ಗೋಣಿಚೀಲ, ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಲಕ್ಷ್ಮಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಂದೇ ಆಷಾಢ ನೆನಪಾಗಿತ್ತು.

ಆ ವರ್ಷ ನಮ್ಮ ಆಫೀಸು ಇದ್ದದ್ದು ಇದೇ ಮಂಟಪದ ಪಕ್ಕದ ಕಟ್ಟಡದ ಎರಡನೇ ಮಹಡಿಯಲ್ಲಿ. ಮಂಟಪ, ಕಟ್ಟಡ ಎರಡೂ ಮುನಿಯಪ್ಪನವರದು. ಅವರ ತಂದೆಯ ಕಾಲದಲ್ಲಿ ಆ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ನಮ್ಮದು ಹತ್ತು ಜನರೂ ಇಲ್ಲದ ಕಂಪನಿ; ಕಲ್ಯಾಣ ಮಂಟಪಗಳ ಬುಕಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. "ಅದಕ್ಕೂ ಸಾಫ್ಟ್‌ವೇರ್ ಬೇಕಾ ಅತ್ತಿಗೆ, ಒಂದು ಕ್ಯಾಲೆಂಡರ್ ಸಾಲ್ದಾ?" ಎಂದು ನನ್ನ ಮೈದುನ ನಗುತ್ತಿದ್ದ. ಸಾಲದು. ನಮ್ಮ ಬೆಂಗಳೂರಿನ ಮದುವೆ ಎಂದರೆ ಒಂದು ದಿನವಲ್ಲ, ಎರಡು ಅರ್ಧ ದಿನ. ಹಿಂದಿನ ಸಂಜೆ ಆರತಕ್ಷತೆ, ಮಾರನೆಯ ಬೆಳಿಗ್ಗೆ ಮುಹೂರ್ತ. ಕೆಲವರಿಗೆ ಸಂಜೆ ಮಾತ್ರ ಸಾಕು, ಕೆಲವರಿಗೆ ಬೆಳಿಗ್ಗೆ ಮಾತ್ರ. ಮುನಿಯಪ್ಪನವರೇ ನಮ್ಮ ಮೊದಲ ಗಿರಾಕಿ. ಮಂಟಪದ ಆಫೀಸಿನಲ್ಲಿ ಕೂತು ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಏನಾದರೂ ಕೆಟ್ಟರೆ ಫೋನ್ ಮಾಡುವವರಲ್ಲ, ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು.

ನಾನು ಅಲ್ಲಿ ಟೆಸ್ಟರ್. ತಪ್ಪು ಹುಡುಕುವುದಕ್ಕೇ ಸಂಬಳ. ಈ ಕೆಲಸ ಮಾಡಿ ಮಾಡಿ ನನ್ನ ಬುದ್ಧಿಯೇ ಹಾಗಾಗಿದೆ. ಬೀಗ ಹಾಕಿದ ಮೇಲೆ ಎರಡು ಸಲ ಜಗ್ಗಿ ನೋಡದಿದ್ದರೆ ಸಮಾಧಾನವಿಲ್ಲ. "ನಿನ್ನ ಕೈಲಿ ಅಡುಗೆ ಚೆನ್ನಾಗಿದೆ ಅನ್ನಿಸಿಕೊಳ್ಳೋದು ಭಗವಂತನಿಗೂ ಕಷ್ಟ" ಎಂದು ನನ್ನ ಯಜಮಾನರು ಈಗಲೂ ಹೇಳುತ್ತಾರೆ.

ಸಾಫ್ಟ್‌ವೇರಿನಲ್ಲಿ ಸಿಕ್ಕ ತಪ್ಪಿಗೆ ನಾವು ಬಗ್ ಎನ್ನುತ್ತೇವೆ. ಪ್ರತಿಯೊಂದಕ್ಕೂ ಒಂದು ನಂಬರು ಕೊಟ್ಟು, ಅದನ್ನು ಯಾರು ಕಂಡರು, ಯಾರು ಸರಿಮಾಡಬೇಕು, ಸರಿಯಾಯಿತೋ ಇಲ್ಲವೋ ಎಂದು ಎಲ್ಲರಿಗೂ ಕಾಣುವ ಹಾಗೆ ಬರೆದಿಡುವ ಜಾಗ ಬಗ್ ಟ್ರ್ಯಾಕರ್. ನಮ್ಮಲ್ಲಿ ಅದು ಇರಲಿಲ್ಲ. ನಮ್ಮಲ್ಲಿ ಇದ್ದದ್ದು ಬೈ-ಟು ಕಾಫಿ. ಮಧ್ಯಾಹ್ನ ಊಟವಾದ ಮೇಲೆ ಎದುರಿನ ದರ್ಶಿನಿಯಲ್ಲಿ ಇಬ್ಬಿಬ್ಬರು ಒಂದೊಂದು ಕಾಫಿ ಹಂಚಿಕೊಂಡು ನಿಲ್ಲುತ್ತಿದ್ದರು. "ಲೋ ಮಂಜು, ನಿನ್ನೆ ಆ ರಸೀದಿ ಎರಡೆರಡು ಸಲ ಪ್ರಿಂಟ್ ಆಗ್ತಿತ್ತು ಕಣೋ", "ಹೌದಾ ಮಗಾ, ನೋಡ್ತೀನಿ ಬಿಡು." ಬಗ್ಗಿನ ಹುಟ್ಟು, ಜಾತಕ, ಉತ್ತರಕ್ರಿಯೆ ಎಲ್ಲ ಆ ಎರಡು ಗುಟುಕಿನಲ್ಲಿ ಮುಗಿದುಹೋಗುತ್ತಿತ್ತು.

ಗಿರಾಕಿಗಳು ಹೆಚ್ಚಾದಂತೆ ಇದು ಸಾಲದಾಯಿತು. ನಮ್ಮ ಕಂಪನಿಯ ಮಾಲೀಕರು ಶ್ರೀನಾಥ್, ಜಯನಗರದ ಹಳೆಯ ಮನೆತನದವರು, ದೊಡ್ಡ ಕಂಪನಿಯ ಕೆಲಸ ಬಿಟ್ಟು ಇದನ್ನು ಶುರು ಮಾಡಿದವರು. ಆಷಾಢದ ಮೊದಲ ವಾರವೇ ನನ್ನನ್ನು ಕರೆದರು. "ವಸುಧಾ ಮೇಡಂ, ಮದುವೆ ಸೀಸನ್ ಶುರುವಾಗೋ ಅಷ್ಟ್ರಲ್ಲಿ ನಮಗೊಂದು ಪ್ರಾಪರ್ ಬಗ್ ಟ್ರ್ಯಾಕರ್ ಬೇಕು. ನಾನು ಹಳೇ ಆಫೀಸಲ್ಲಿ ಯೂಸ್ ಮಾಡ್ತಿದ್ದದ್ದೇ ತಗೊಳ್ಳೋಣ ಅಂತೀನಿ. ದುಡ್ಡು ಕೊಟ್ರೆ ಆಯ್ತು, ತಲೆನೋವಿಲ್ಲ."

ಪಕ್ಕದಲ್ಲಿ ನಿಂತಿದ್ದ ಮಂಜುನಾಥ ಬಾಯಿ ಹಾಕಿದ. ನಮ್ಮ ಪ್ರೋಗ್ರಾಂಗಳಲ್ಲಿ ಮುಕ್ಕಾಲು ಪಾಲು ಬರೆಯುತ್ತಿದ್ದವನು ಅವನೇ. "ಸಾರ್, ಓಪನ್ ಸೋರ್ಸಲ್ಲಿ ಒಂದಿದೆ. ಫ್ರೀ. ಕೋಡ್ ಎಲ್ಲ ನಮ್ ಕೈಗೇ ಸಿಗತ್ತೆ, ನಮಗೆ ಬೇಕಾದಂಗೆ ಬದಲಾಯಿಸ್ಕೋಬಹುದು. ನಾನೇ ಹಾಕ್ಕೊಡ್ತೀನಿ."

"ನೀನು ರಜಾ ಹಾಕಿದ ದಿನ ಅದು ಕೆಟ್ರೆ?"

"ನಾನ್ಯಾವಾಗ್ ಸಾರ್ ರಜಾ ಹಾಕಿದೀನಿ?"

ಕೊನೆಗೆ ಎರಡನ್ನೂ ಈ ತಿಂಗಳು ನಡೆಸಿ ನೋಡುವುದು, ಶ್ರಾವಣಕ್ಕೆ ಮುಂಚೆ ಯಾವುದು ಬೇಕೆಂದು ನಾನು ಬರೆದುಕೊಡುವುದು ಎಂದಾಯಿತು. ತಪ್ಪು ಹುಡುಕುವವಳಿಗೆ ಎರಡು ಹೊಸ ಆಟಿಕೆ ಸಿಕ್ಕ ಹಾಗೆ ನನಗೆ ಖುಷಿಯೇ ಆಯಿತು.

ದುಡ್ಡಿನದು ನೋಡಲು ಬಲು ಅಂದ. ಒಂದು ಕ್ಲಿಕ್ಕಿಗೆ ಬಣ್ಣಬಣ್ಣದ ಚಿತ್ರ ಬಿಡಿಸಿಕೊಡುತ್ತಿತ್ತು. ಕೆಟ್ಟರೆ ಸರಿಮಾಡುವುದು ಅವರ ತಲೆನೋವು, ನಮ್ಮದಲ್ಲ. ಆದರೆ ತಲೆಗಿಷ್ಟು ಎಂದು ತಿಂಗಳ ಬಾಡಿಗೆ. ಹಾಗಾಗಿ ಶ್ರೀನಾಥ್ ನನಗೊಂದು, ಪ್ರೋಗ್ರಾಂ ಬರೆಯುವವರಿಗೊಂದು, ತಮಗೊಂದು ಎಂದು ಮೂರೇ ಲಾಗಿನ್ ತೆಗೆದುಕೊಂಡರು. "ಉಳಿದೋರು ಅಡ್ಜಸ್ಟ್ ಮಾಡ್ಕೊಳ್ಳಿ. ಕಾಫಿ ಬೈ-ಟು ಮಾಡ್ಕೊಳಲ್ವಾ, ಲಾಗಿನ್ನೂ ಹಂಗೇ" ಎಂದು ನಕ್ಕರು. ನಾವೂ ನಕ್ಕೆವು. ಒಂದೇ ಹೆಸರಲ್ಲಿ ನಾಲ್ಕು ಜನ ಬರೆದರೆ ಯಾರು ಏನು ಬರೆದರೆಂದು ಗೊತ್ತಾಗುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ, "ಕೂಗಿ ಕೇಳಿ ಮೇಡಂ, ಇರೋದೇ ಇಷ್ಟು ಜನ" ಎಂಬ ಉತ್ತರ ಬಂತು.

ಮಂಜುವಿನದು ಅಂದಗೆಟ್ಟದ್ದು, ಸರಕಾರಿ ಕಚೇರಿಯ ಗೋಡೆಯ ಬಣ್ಣ. ಆದರೆ ಎಷ್ಟು ಜನ ಬೇಕಾದರೂ ಬರೆಯಬಹುದು. ಅವನು ಅದರ ಒಳಹೊಕ್ಕು ಹೆಸರುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿಟ್ಟ. ಕಂಡವರು ಯಾರು, ಸರಿಮಾಡಬೇಕಾದವರು ಯಾರು ಎಂಬುದರ ಕೆಳಗೆ ತಾನೇ ಒಂದು ಪ್ರಶ್ನೆ ಸೇರಿಸಿದ: ಇದರಿಂದ ಯಾರಿಗೆ ತೊಂದರೆ? "ಗಿರಾಕಿ ಹೆಸರು ಬರೀಲಿ ಅಂತ ಮೇಡಂ, ಅದು ದುಡ್ಡಿಂದ್ರಲ್ಲಿ ಇಲ್ಲ" ಎಂದು ಬೀಗಿದ. ಅದನ್ನು ಓಡಿಸಿದ್ದು ಕಿಟಕಿಯ ಪಕ್ಕ ಇಟ್ಟಿದ್ದ ಒಂದು ಮುದಿ ಕಂಪ್ಯೂಟರಿನ ಮೇಲೆ. ಕರೆಂಟು ಹೋದರೆ ಅದೂ ಹೋಗುತ್ತಿತ್ತು. ಆಷಾಢದ ಗಾಳಿಗೆ ಜೆಪಿ ನಗರದಲ್ಲಿ ಮರದ ಕೊಂಬೆ ಬೀಳದ ದಿನವಿಲ್ಲ, ಕೊಂಬೆ ಬಿದ್ದರೆ ಕರೆಂಟಿಲ್ಲ. ಬೆಳಿಗ್ಗೆ ಆಫೀಸಿಗೆ ಬಂದವನು ಮೊದಲು ಆ ಮುದುಕನ ಆರೋಗ್ಯ ವಿಚಾರಿಸಿ ಆಮೇಲೆ ತನ್ನ ಕೆಲಸಕ್ಕೆ ಕೂರುತ್ತಿದ್ದ.

ಮೊದಲ ಸೋಮವಾರ ಶ್ರೀನಾಥ್ ದುಡ್ಡಿನ ಟ್ರ್ಯಾಕರ್ ಬಿಡಿಸಿದ ಚಿತ್ರವನ್ನು ಗೋಡೆಯ ದೊಡ್ಡ ಪರದೆಯ ಮೇಲೆ ಹಾಕಿದರು. ಲಾಗಿನ್ ಯಾರದೇ ಇರಲಿ, ಸರಿಮಾಡಬೇಕಾದವರ ಹೆಸರನ್ನು ಪ್ರತಿ ಬಗ್ಗಿಗೂ ಬರೆಯುತ್ತಿದ್ದೆವು; ಯಾರ ಹೆಸರಲ್ಲಿ ಎಷ್ಟು ಬಗ್ ಇದೆ ಎಂಬುದರ ಚಿತ್ರ ಅದು. ಮಂಜುವಿನ ಹೆಸರಿನ ಕೆಂಪು ಪಟ್ಟಿ ಚಾವಣಿ ಮುಟ್ಟುವ ಹಾಗಿತ್ತು. ಹೆಚ್ಚು ಬರೆಯುವವನದೇ ಹೆಚ್ಚು ತಪ್ಪು, ಅದು ಸಹಜ. ಆದರೆ ಪಟ್ಟಿಗೆ ಅದು ಗೊತ್ತಿಲ್ಲವಲ್ಲ. "ಏನ್ ಮಂಜು, ಟಾಪರ್ರು!" ಎಂದರು ಶ್ರೀನಾಥ್. ತಮಾಷೆಗೇ ಹೇಳಿದ್ದು. ಮಂಜುವಿನ ಕಿವಿ ಕೆಂಪಾದದ್ದನ್ನು ಎಲ್ಲರೂ ನೋಡಿದರು.

ಅಂದಿನಿಂದ ಎರಡು ಟ್ರ್ಯಾಕರಿನಲ್ಲೂ ಬರೆಯುವವರು ಕಡಿಮೆಯಾದರು. ನಾನು ಮೂರ್ಖಳ ಹಾಗೆ, ಸಾಫ್ಟ್‌ವೇರ್ ಸುಧಾರಿಸಿದೆ ಎಂದುಕೊಂಡೆ. ಸುಧಾರಿಸಿರಲಿಲ್ಲ, ಎಲ್ಲ ಕಾಫಿಗೆ ವಾಪಸಾಗಿತ್ತು. ನಮ್ಮ ಜನದ ಒಳ್ಳೆಯತನವೇ ಹೀಗೆ. ಎದುರಿಗೆ ನಿಂತು ನೂರು ಬೈಯುತ್ತಾರೆ, ಆದರೆ ಒಬ್ಬನ ತಪ್ಪನ್ನು ಅವನ ಹೆಸರು ಹಾಕಿ ಬರೆಯುವುದೆಂದರೆ ಅವನ ಮೇಲೆ ದೂರು ಕೊಟ್ಟ ಹಾಗೆ. ಪಕ್ಕದಲ್ಲಿ ಕೂತು ಡಬ್ಬಿಯ ಪಲ್ಯ ಹಂಚಿಕೊಳ್ಳುವವನ ಮೇಲೆ ಯಾರು ದೂರು ಬರೆಯುತ್ತಾರೆ?

ಗಿರಾಕಿಗಳ ಫೋನು ನೋಡಿಕೊಳ್ಳುತ್ತಿದ್ದವಳು ಲಕ್ಷ್ಮಿ. ಅರೆಕೆರೆಯ ಹುಡುಗಿ. ಅಪ್ಪ ನಾಗರಾಜಣ್ಣ ಸಿಟಿ ಬಸ್ಸಿನ ಡ್ರೈವರ್. ಆ ಶ್ರಾವಣದಲ್ಲೇ ಅವಳ ಮದುವೆ, ಅದೂ ಮುನಿಯಪ್ಪನವರ ಮಂಟಪದಲ್ಲಿ. ಹಿಂದಿನ ಸಂಜೆ ಆರತಕ್ಷತೆ, ಮಾರನೆಯ ಬೆಳಿಗ್ಗೆ ಮುಹೂರ್ತ. ನಾಗರಾಜಣ್ಣನಿಗೆ ಮುಹೂರ್ತಕ್ಕಿಂತ ಆ ಸಂಜೆಯದೇ ಚಿಂತೆ. ಡಿಪೋದ ಡ್ರೈವರು, ಕಂಡಕ್ಟರುಗಳಿಗೆ ಬೆಳಿಗ್ಗೆ ರಜೆ ಸಿಗುವುದಿಲ್ಲ. ಬಸ್ಸು ನಿಲ್ಲಿಸಿ ಬರುವುದು ಸಂಜೆಯೇ. "ಇಷ್ಟು ವರ್ಷ ಎಲ್ರ ಮನೆ ಮದುವೇಲೂ ಉಂಡಿದೀನಿ ಮೇಡಂ. ನಮ್ ಹುಡುಗ್ರಿಗೆ ಒಂದ್ಸಲ ಕೂರಿಸಿ ಬಡಿಸ್ಬೇಕು" ಎಂದು ಆಮಂತ್ರಣ ಕೊಡಲು ಬಂದಾಗ ಅವರು ನನ್ನ ಹತ್ತಿರ ಹೇಳಿದ್ದರು.

ಆಷಾಢದ ನಡುವೆ ಒಂದು ದಿನ ಮುನಿಯಪ್ಪನವರು ಮೆಟ್ಟಿಲ ಬುಡದಿಂದ ಕೂಗಿದರು. "ಲಕ್ಷ್ಮಮ್ಮಾ, ಯಾರೋ ಮದ್ವೆ ಡೇಟು ಮುಂದಕ್ಕಾಕ್ದೆ. ಬೆಳಗ್ಗೆದೇನೋ ಹೋಯ್ತು, ಸಾಯಂಕಾಲದ್ದು ಅಲ್ಲೇ ಹಳೇ ಜಾಗದಲ್ಲೇ ಕೂತೈತೆ. ನಾನೇ ಕೈಯಲ್ಲಿ ಸರಿ ಮಾಡ್ಕೊಂಡಿವ್ನಿ. ಆ ಹುಡುಗನ್ಗೆ ಒಂದ್ ಮಾತೇಳು."

ಲಕ್ಷ್ಮಿಗೆ ಮಂಜುವಿನ ಟ್ರ್ಯಾಕರಿನಲ್ಲಿ ಲಾಗಿನ್ ಇತ್ತು. ಬರೆಯಬಹುದಿತ್ತು. ಆದರೆ ಅಲ್ಲಿ ಬರೆದದ್ದನ್ನು ದುಡ್ಡಿನದಕ್ಕೂ ಸೇರಿಸುತ್ತಿದ್ದರು, ಸೋಮವಾರ ಪಾಪ ಅವನ ಕೆಂಪು ಪಟ್ಟಿ ಇನ್ನಷ್ಟು ಬೆಳೆಯುತ್ತಿತ್ತು. ಅದಕ್ಕೆ ಅವಳು ಕಾಫಿಯ ಹೊತ್ತಿನಲ್ಲಿ ಅವನಿಗೆ ಹೇಳಿದಳು. ಅವನು "ಸರಿ, ನೋಡ್ತೀನಿ ಬಿಡು" ಎಂದ. ನೋಡುತ್ತಿದ್ದನೋ ಏನೋ. ಆ ಸಂಜೆಯೇ ಗಾಳಿಮಳೆ ಬಂದು, ಕರೆಂಟು ಹೋಗಿ, ಕಿಟಕಿಯಿಂದ ಹೊಡೆದ ಎರಚಲು ಆ ಮುದಿ ಕಂಪ್ಯೂಟರಿನ ಹೊಟ್ಟೆಗೆ ಇಳಿಯಿತು. ಅದನ್ನು ಬಿಚ್ಚಿ, ಒಣಗಿಸಿ, ಮತ್ತೆ ಮೇಲೆತ್ತುವುದರಲ್ಲಿ ಅವನಿಗೆ ಎರಡು ದಿನ ಹೋಯಿತು. ಶ್ರೀನಾಥರ ಎದುರು ತನ್ನ ಓಪನ್ ಸೋರ್ಸಿನ ಮಾನ ಉಳಿಸುವ ಭರದಲ್ಲಿ ಲಕ್ಷ್ಮಿಯ ಮಾತು ಎಲ್ಲಿ ಉಳಿಯಬೇಕು?

ಅದಾದ ಸ್ವಲ್ಪ ದಿನಕ್ಕೆ ಗಂಡಿನ ಕಡೆಯವರು ಮದುವೆಯನ್ನು ಒಂದು ವಾರ ಮುಂದೆ ಹಾಕಲು ಕೇಳಿಕೊಂಡರು. ಹುಡುಗನ ಸೋದರಮಾವನಿಗೆ ಆ ದಿನ ಬರಲಾಗುವುದಿಲ್ಲವಂತೆ. ಮುನಿಯಪ್ಪನವರು ಹಿಂದುಮುಂದು ನೋಡದೆ ತಾರೀಕು ಬದಲಾಯಿಸಿಕೊಟ್ಟರು. ನಾಗರಾಜಣ್ಣ ಹೊಸ ತಾರೀಕಿನ ಚೀಟಿ ಅಂಟಿಸಿದ ಆಮಂತ್ರಣಗಳನ್ನು ಹಿಡಿದು ಡಿಪೋವನ್ನೆಲ್ಲ ಇನ್ನೊಂದು ಸುತ್ತು ಬಂದರು.

ಭೀಮನ ಅಮಾವಾಸ್ಯೆ ಹತ್ತಿರ ಬಂದಿತ್ತು. ನಾನು ನನ್ನ ವರದಿ ಬರೆಯಲು ಕೂತಿದ್ದೆ. ಎಡಗಡೆ ದುಡ್ಡಿನದರ ಗುಣ, ಬಲಗಡೆ ಬಿಟ್ಟಿಯದರ ಗುಣ ಎಂದು ಗೆರೆ ಎಳೆದು ಯೋಚಿಸುತ್ತಿರುವಾಗ ಮಂಟಪದ ಕಡೆಯಿಂದ ಜಗಳದ ಸದ್ದು ಕೇಳಿಸಿತು. ಹೂವಿನ ಅಲಂಕಾರದವರು ಇಬ್ಬರು, ಇಬ್ಬರ ಕೈಯಲ್ಲೂ ಅಳತೆಯ ಟೇಪು, ಒಂದೇ ವೇದಿಕೆಯನ್ನು ಎರಡು ಕಡೆಯಿಂದ ಅಳೆಯುತ್ತಾ ಬಂದು ನಡುವೆ ಎದುರಾಗಿದ್ದರು.

"ಅಣ್ಣಾ, ಇದು ನಮ್ ಪಾರ್ಟಿದು. ಲಕ್ಷ್ಮಿ ಅಂತ, ಆರತಕ್ಷತೆ."

"ನಮ್ದೂ ಆರತಕ್ಷತೆನೇ ಗುರು. ಅದೇ ಸಾಯಂಕಾಲ. ಅಡ್ವಾನ್ಸ್ ಕೊಟ್ಟಾಗಿದೆ."

ಲಕ್ಷ್ಮಿ ಮೆಟ್ಟಿಲಿಳಿದು ಓಡಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಮಂಜು. ಮುನಿಯಪ್ಪನವರು ಪರದೆಯನ್ನೇ ನೋಡುತ್ತಾ ಕೂತಿದ್ದರು. ಲಕ್ಷ್ಮಿಯ ಮುಹೂರ್ತ ಹೊಸ ತಾರೀಕಿಗೆ ಬಂದಿತ್ತು. ಅವಳ ಸಂಜೆ ಮಾತ್ರ ಹಿಂದಿನ ವಾರದಲ್ಲೇ ಉಳಿದಿತ್ತು. ಮುನಿಯಪ್ಪನವರು ಬೇಗೂರಿನ ದೇವಸ್ಥಾನಕ್ಕೆ ಹೋಗಿದ್ದ ದಿನ ಅವರ ಮಗ, ಖಾಲಿ ಕಂಡ ಆ ಹೊಸ ಸಂಜೆಯನ್ನು ಇನ್ನೊಂದು ಮನೆಯವರಿಗೆ ಕೊಟ್ಟಿದ್ದ.

"ಹೇಳಿದ್ನಲ್ಲಮ್ಮ ಅವತ್ತೇ. ಸರಿ ಮಾಡಿರ್ತೀರಾ ಅನ್ಕೊಂಡೆ" ಎಂದರು ಮುನಿಯಪ್ಪನವರು.

"ನಾನೂ ಹೇಳಿದ್ದೆ" ಎಂದಳು ಲಕ್ಷ್ಮಿ.

ಮಂಜು ಪರದೆಯ ಹತ್ತಿರ ಬಗ್ಗಿ ಆ ಎರಡು ತಾರೀಕುಗಳನ್ನು ಮತ್ತೊಮ್ಮೆ ಓದಿದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಯಾರನ್ನು ಬೈಯುವುದು? ಮುನಿಯಪ್ಪನವರು ಹೇಳಿದ್ದರು, ಲಕ್ಷ್ಮಿ ಹೇಳಿದ್ದಳು, ಮಂಜು ಕೇಳಿಸಿಕೊಂಡಿದ್ದ. ಹೇಳಿದ ಮೇಲೆ ಮುಗಿಯಿತೆಂದು ಪ್ರತಿಯೊಬ್ಬರೂ ನಿಶ್ಚಿಂತೆಯಿಂದ ಇದ್ದುಬಿಟ್ಟಿದ್ದರು.

ಆ ಇನ್ನೊಂದು ಮನೆಯವರೂ ಬಂದರು. ಅವರ ಮದುವೆ ಧರ್ಮಸ್ಥಳದಲ್ಲಿ, ಊರಿನ ಜನಕ್ಕೆ ಊಟ ಹಾಕುವುದು ಆ ಒಂದು ಸಂಜೆ ಮಾತ್ರ. ಹುಡುಗಿಯ ತಾಯಿ ಕುರ್ಚಿಯ ತುದಿಯಲ್ಲಿ ಕೂತು ಸೆರಗು ತಿರುವುತ್ತಿದ್ದರು. ಮುನಿಯಪ್ಪನವರು ಬೇರೆ ಮಂಟಪಗಳಿಗೆಲ್ಲ ಫೋನ್ ಮಾಡಿದರು. ಶ್ರಾವಣದ ಮುಹೂರ್ತ, ಯಾರ ಹತ್ತಿರ ಖಾಲಿ ಇರುತ್ತದೆ? ಕೊನೆಗೆ ಲಕ್ಷ್ಮಿಯೇ ಎದ್ದಳು. "ಅವರಿಗೇ ಇರ್ಲಿ. ಅವರಿಗೆ ಇರೋದೇ ಆ ಸಂಜೆ. ನಮಗೆ ಬೆಳಗ್ಗೆ ಆದ್ರೂ ಇದೆ. ಮುಹೂರ್ತ ಆದ್ಮೇಲೆ ಹಂಗೇ ಸ್ಟೇಜ್ ಮೇಲೆ ನಿಂತ್ಕೊಂಡ್‌ಬಿಡ್ತೀವಿ."

ಗಟ್ಟಿಯಾಗಿಯೇ ಹೇಳಿದಳು. ಆಫೀಸಿಗೆ ವಾಪಸು ಬಂದವಳು ನನ್ನ ಮೇಜಿನ ಪಕ್ಕ ನಿಂತು, "ಅಕ್ಕ, ಇದನ್ನ ಬರೀಬೇಕು. ಎಲ್ಲಿ ಬರೀಲಿ?" ಎಂದಳು. ದುಡ್ಡಿನದರಲ್ಲಿ ಅವಳಿಗೆ ಲಾಗಿನ್ ಇರಲಿಲ್ಲ. ನನ್ನದನ್ನು ತೆರೆದುಕೊಟ್ಟೆ.

"ನಿಮ್ ಹೆಸರಲ್ಲಿ ಬೇಡ ಅಕ್ಕ. ನನ್ನ ಹೆಸರಲ್ಲೇ ಬರೀಬೇಕು."

ಮಂಜು ಎದ್ದು ಬಂದು ತನ್ನ ಟ್ರ್ಯಾಕರನ್ನು ತಾನೇ ತೆರೆದು, ಕುರ್ಚಿ ಎಳೆದುಕೊಟ್ಟ. ಅವಳು ನಿಧಾನವಾಗಿ ಟೈಪ್ ಮಾಡಿದಳು. ತಾರೀಕು ಬದಲಾಯಿಸಿದರೆ ಬೆಳಿಗ್ಗೆ ಮಾತ್ರ ಹೋಗುತ್ತದೆ, ಸಂಜೆ ಹಿಂದೆಯೇ ಉಳಿಯುತ್ತದೆ. ಕಂಡವರು: ಲಕ್ಷ್ಮಿ. ಸರಿಮಾಡಬೇಕಾದವರು: ಮಂಜುನಾಥ. ಇದರಿಂದ ಯಾರಿಗೆ ತೊಂದರೆ ಎಂಬಲ್ಲಿಗೆ ಬಂದಾಗ 'ನನಗೆ' ಎಂದು ಬರೆದಳು. ಆಮೇಲೆ ಅಳಿಸಿ 'ಅಪ್ಪನಿಗೆ' ಎಂದು ಬರೆದಳು. ಆಗ ಅವಳಿಗೆ ಅಳು ಬಂತು. ನನಗೂ ಬಂತು.

ಮಂಜು ಊಟಕ್ಕೂ ಏಳದೆ ಅದನ್ನು ಸರಿಮಾಡಿದ. ನಾನು ಹೇಗೆಲ್ಲ ತಿರುಗಿಸಿ ಮುರುಗಿಸಿ ನೋಡಿದರೂ ಸಂಜೆ ಬೆಳಗಿನ ಬೆನ್ನು ಬಿಡಲಿಲ್ಲ. ನನ್ನ ಕೆಲಸದಲ್ಲಿ ಅಷ್ಟು ಬೇಸರದಿಂದ ಯಾವುದನ್ನೂ ಪಾಸು ಮಾಡಿದ ನೆನಪಿಲ್ಲ.

ಗೆರೆ ಎಳೆದ ಹಾಳೆಯನ್ನು ಹರಿದು ಹಾಕಿ ಶ್ರೀನಾಥರಿಗೆ ಹೊಸದಾಗಿ ಬರೆದುಕೊಟ್ಟೆ. ಎರಡರಲ್ಲಿ ಯಾವುದು ಇದ್ದಿದ್ದರೂ ಲಕ್ಷ್ಮಿಯ ಸಂಜೆ ಉಳಿಯುತ್ತಿತ್ತು, ಒಬ್ಬರು ಬರೆದಿದ್ದರೆ. ಬರೆಯದಂತೆ ಮಾಡಿದ್ದು ಸೋಮವಾರದ ಆ ಚಿತ್ರ. ಈಗ ಮಂಜುವಿನದನ್ನೇ ಇಟ್ಟುಕೊಳ್ಳೋಣ, ಏಕೆಂದರೆ ಫೋನು ತೆಗೆದುಕೊಳ್ಳುವವಳಿಂದ ಹಿಡಿದು ಎಲ್ಲರಿಗೂ ಅಲ್ಲಿ ಸ್ವಂತ ಹೆಸರಿದೆ. ಆದರೆ ಬಿಟ್ಟಿ ಎಂದುಕೊಳ್ಳುವುದು ಬೇಡ. ಅದರ ಬಾಡಿಗೆಯನ್ನು ಮಂಜು ತನ್ನ ಹೊತ್ತಿನಲ್ಲಿ ಕಟ್ಟುತ್ತಿದ್ದಾನೆ, ಮುದಿ ಕಂಪ್ಯೂಟರ್ ಒಣಗಿಸಿದ ಆ ಎರಡು ದಿನದ್ದನ್ನು ನಾವೆಲ್ಲ ಸೇರಿ ಕಟ್ಟಿದ್ದೇವೆ. ಒಳ್ಳೆಯ ಯಂತ್ರ ಕೊಡಿ, ಅದನ್ನು ನೋಡಿಕೊಳ್ಳಲು ಇನ್ನೊಬ್ಬರು ಕಲಿಯಲಿ.

ಶ್ರೀನಾಥ್ ಎರಡು ಸಲ ಓದಿದರು. "ಮಂಜು ಬಿಟ್ಟು ಹೋದ್ರೆ ಏನ್ಮಾಡೋಣ ಮೇಡಂ?" ಎಂದರು. ಅದು ನ್ಯಾಯವಾದ ಪ್ರಶ್ನೆ. ಮಂಜು ಮುಂದೆ ಬಿಟ್ಟೂ ಹೋದ. ಆಗ ಕಂಪನಿ ದುಡ್ಡಿನದನ್ನೇ ತೆಗೆದುಕೊಂಡಿತು, ನನಗೂ ಅದು ಸರಿ ಎನಿಸಿತು. ಆದರೆ ಆ ಹೊತ್ತಿಗೆ ಶ್ರೀನಾಥ್ ಎಲ್ಲರಿಗೂ ಒಂದೊಂದು ಲಾಗಿನ್ ಕೊಟ್ಟರು, ಮುನಿಯಪ್ಪನವರಿಗೂ. ಗೋಡೆಯ ಮೇಲಿನ ಕೆಂಪು ಪಟ್ಟಿಯನ್ನಂತೂ ಅವರು ಆ ಆಷಾಢದಲ್ಲೇ ತೆಗೆಸಿಬಿಟ್ಟಿದ್ದರು.

ಲಕ್ಷ್ಮಿಯ ಮದುವೆ ಬೆಳಿಗ್ಗೆ ಚೆನ್ನಾಗಿಯೇ ಆಯಿತು. ಮಂಜು ಊಟದ ಹಾಲಿನಲ್ಲಿ ನಿಂತು ಕೊನೆಯ ಪಂಕ್ತಿಯವರೆಗೂ ಬಡಿಸಿದ, ಯಾರು ಕರೆದರೂ ತಾನು ಕೂರಲಿಲ್ಲ. ನಾಗರಾಜಣ್ಣ ಹಿಂದಿನ ವಾರವೆಲ್ಲ ಡಿಪೋದವರಿಗೆ ಫೋನ್ ಮಾಡಿ, "ಸಂಜೆ ಇಲ್ಲ ಕಣಪ್ಪಾ, ಬೆಳಗ್ಗೆನೇ ಬಾ" ಎಂದಿದ್ದರು. ಮಗಳು ವೇದಿಕೆಯ ಮೇಲೆ ನಿಂತಿದ್ದರೂ ಅವರು ಮತ್ತೆ ಮತ್ತೆ ಗೇಟಿಗೆ ಹೋಗಿ ರಸ್ತೆ ನೋಡಿ ಬರುತ್ತಿದ್ದರು. ಖಾಕಿ ತೊಟ್ಟ ಇಬ್ಬರು ಟ್ರಿಪ್ಪಿನ ನಡುವೆ ಓಡಿ ಬಂದು, ನಿಂತುಕೊಂಡೇ ಒಂದೊಂದು ಹೋಳಿಗೆ ತಿಂದು ಹೋದರು. ಅವರಿಗಾಗಿ ಹಾಸಿದ್ದ ಎಲೆಗಳಲ್ಲಿ ಬೇರೆಯವರು ಕೂತರು.

ಹೋದ ವಾರ ಆ ಪೇಂಟಿನ ವಾಸನೆಯ ನಡುವೆ ನಮ್ಮನ್ನು ಕೂರಿಸಿದ್ದು ಮುನಿಯಪ್ಪನವರ ಸೊಸೆ. ಈಗ ಬುಕಿಂಗ್ ಎಲ್ಲ ಅವಳದೇ. ಮುನಿಯಪ್ಪನವರು ಪಕ್ಕದ ಕುರ್ಚಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಲಕ್ಷ್ಮಿಯನ್ನು ಗುರುತು ಹಿಡಿದು, ಕೈ ಹಿಡಿದುಕೊಂಡು ಬಿಡಲಿಲ್ಲ. ಪರದೆಯ ಮೇಲೆ ನಮ್ಮ ಸಾಫ್ಟ್‌ವೇರೇ ಇತ್ತು, ಮೇಲಿನ ಬಣ್ಣ ಬದಲಾಗಿದೆ. ನನಗೆ ತಡೆಯಲಾಗಲಿಲ್ಲ. "ಸುಮ್ನೆ ಯಾವ್ದಾದ್ರೂ ಮದುವೆ ಹಾಕಿ ಡೇಟ್ ಬದಲಾಯಿಸಿ ತೋರ್ಸಮ್ಮ" ಎಂದೆ. ಅವಳು ವಿಚಿತ್ರವಾಗಿ ನೋಡಿದಳು, ಮಾಡಿದಳು. ಬೆಳಿಗ್ಗೆಯ ಹಿಂದೆಯೇ ಸಂಜೆಯೂ ಹೊಸ ಜಾಗಕ್ಕೆ ಬಂದು ಕೂತಿತು. ಲಕ್ಷ್ಮಿ ನನ್ನ ತೊಡೆ ಚಿವುಟಿದಳು.

"ಅದ್ಸರಿ, ನಿಮ್ದು ಏನ್ ಫಂಕ್ಷನ್ ಮೇಡಂ?" ಸೊಸೆ ಕೇಳಿದಳು.

"ಅಪ್ಪ ರಿಟೈರ್ ಆಗ್ತಿದಾರೆ. ಡಿಪೋದವರನ್ನೆಲ್ಲ ಕರೀಬೇಕು."

"ಬೆಳಗ್ಗೆ ತಗೊಳ್ಳಿ ಮೇಡಂ, ಪೂರ್ತಿ ಖಾಲಿ ಇದೆ. ರೇಟೂ ಕಮ್ಮಿ ಮಾಡ್ಕೊಡ್ತೀನಿ."

"ಬೇಡ" ಎಂದಳು ಲಕ್ಷ್ಮಿ. "ಬಸ್ಸು ನಿಲ್ಲಿಸಿ ಬರ್ಬೇಕು ಅವರೆಲ್ಲ. ಸಂಜೆನೇ ಹಾಕಿ."